ರಾಜೀನಾಮೆಗೆ ಯಾರ ರಾಜಿ ಬೇಕು?

ನಮ್ಮ ಕೇರಿಯಲ್ಲಿ ರಾಜೀನಾಮೆ ಎನ್ನುವ ಮಾತಿರಲಿಲ್ಲ. ‘ಓಡೋದ’ ಎನ್ನುವ ಮಾತಿತ್ತು. ಇಂಥವನ ಮಗ ಗೌಡರ ಮನೆ ಬಿಟ್ಟು ಓಡೋದ. ಇಂಥವಳ ಗಂಡ ರಾತ್ರೋರಾತ್ರಿ ಕೊಡಗಿನ ಕಾಫಿ ತೋಟಕ್ಕೆ ಓಡೋದ. ಕೆಲಸ ಬಿಡುವುದೆಂದರೆ ಕದ್ದು ಹೋಗುವುದು ಎಂದೇ ಅರ್ಥ. ಕದ್ದದ್ದಾದರೂ ಏನು? ತನ್ನವೇ ಎರಡು ಕೈ, ಎರಡು ಕಾಲು. ಆದರೆ ಅವು ಅವನವಾಗಿರಲಿಲ್ಲವಲ್ಲ! ಯುಗಾದಿಯ ದಿನ ಹೆಬ್ಬೆಟ್ಟು ಒತ್ತಿ ಬರೆದುಕೊಟ್ಟಾಗಿತ್ತು.

ನಮ್ಮ ತಾತ ಹಾಗೆ ಬರೆದುಕೊಟ್ಟವನು. ಬರೆದುಕೊಟ್ಟವನು ಎನ್ನುವುದೂ ತಪ್ಪು, ಬರೆದವರು ಗೌಡರ ಮನೆಯವರು, ತಾತ ಒತ್ತಿದವನು. ಅವನ ಅಕ್ಕನ ಮದುವೆಗೆ ಅವರಪ್ಪ ತಂದ ಸಾಲಕ್ಕೆ ಹತ್ತು ವರ್ಷದ ಹುಡುಗ ದನ ಕಾಯಲು ಹೋದ. ವರ್ಷಕ್ಕೆ ಒಂದು ಕಂಬಳಿ, ಒಂದು ಜೊತೆ ಮೆಟ್ಟು, ಇಷ್ಟು ಅಂತ ರಾಗಿ. ಪ್ರತಿ ಯುಗಾದಿಗೂ ಹಟ್ಟಿ ಮುಂದೆ ನಿಲ್ಲಿಸಿ ಲೆಕ್ಕ ಓದುತ್ತಿದ್ದರಂತೆ. ಕಾಯಿಲೆ ಬಿದ್ದ ದಿನ, ಹಬ್ಬಕ್ಕೆ ಹೋದ ದಿನ, ಹಸು ಬೇಲಿ ಹಾರಿದ ದಿನ ಎಲ್ಲವೂ ಸಾಲಕ್ಕೆ ಸೇರುತ್ತಿತ್ತು. ಓದಲು ಬರುತ್ತಿದ್ದದ್ದು ಓದುವವರಿಗೆ ಮಾತ್ರ. ಕೇಳಿಸಿಕೊಂಡವನು ‘ಆಗ್ಲಿ ಬುದ್ಧಿ’ ಎನ್ನಬೇಕು. 1975ರ ಅಕ್ಟೋಬರಿನಲ್ಲಿ ಜೀತ ರದ್ದಾಯಿತೆಂದು ದೆಹಲಿಯಲ್ಲಿ ಸುಗ್ರೀವಾಜ್ಞೆ ಹೊರಟಿತು, 1976ರಲ್ಲಿ ಅದೇ ಕಾಯಿದೆಯಾಯಿತು. ಕಾಯಿದೆಯ 4ನೇ ಕಲಮು ಜೀತಗಾರ ಬಿಡುಗಡೆಯಾದ ಅನ್ನುತ್ತದೆ, 6ನೇ ಕಲಮು ಅವನು ತೀರಿಸಬೇಕಾದ ಸಾಲವೂ ಸತ್ತುಹೋಯಿತು ಅನ್ನುತ್ತದೆ. ಈ ಸುದ್ದಿ ದೆಹಲಿಯಿಂದ ನಮ್ಮೂರಿಗೆ ಬರಲು ಇನ್ನೆರಡು ಯುಗಾದಿ ಹಿಡಿಯಿತು ಅನ್ನುತ್ತಿದ್ದ ತಾತ.

ರಾಜೀನಾಮೆ ಎನ್ನುವ ಮಾತನ್ನು ಬಿಡಿಸಿ ನೋಡಿದ್ದೀರಾ? ಪಾರಸಿಯಿಂದ ಬಂದದ್ದು. ರಾಜಿ ಅಂದರೆ ಒಪ್ಪಿಗೆ, ನಾಮೆ ಅಂದರೆ ಪತ್ರ. ಒಪ್ಪಿಗೆಯ ಪತ್ರ. ಹಳೆಯ ಕಂದಾಯದ ಕಾಗದಗಳಲ್ಲಿ ರೈತ ತನ್ನ ಜಮೀನು ಬಿಟ್ಟುಕೊಡುವ ಪತ್ರಕ್ಕೂ ರಾಜೀನಾಮೆ ಅಂತಲೇ ಹೆಸರು. ಬಿಟ್ಟುಹೋಗುವುದಕ್ಕೆ ಒಪ್ಪಿಗೆ ಅನ್ನುವ ಹೆಸರು ಹೇಗೆ ಬಂತು? ಯಾರ ಒಪ್ಪಿಗೆ? ಬಿಡುವವನದೋ, ಬಿಡಿಸಿಕೊಳ್ಳುವವನದೋ? ಇದು ನಿಘಂಟಿನ ಪ್ರಶ್ನೆ ಅಂತ ನಾನೂ ಅಂದುಕೊಂಡಿದ್ದೆ. ಹೋದ ವರ್ಷ ಬೆಂಗಳೂರಿನ ಒಂದು ಕಂಪನಿಯ ಎಚ್.ಆರ್. ವಿಭಾಗ ನನಗೆ ಒಂದು ಸಾಲಿನ ಉತ್ತರ ಕಳಿಸಿತು: ನಿಮ್ಮ ರಾಜೀನಾಮೆಯನ್ನು ಒಪ್ಪಿಕೊಂಡಿಲ್ಲ. ಆವತ್ತಿನಿಂದ ಇದು ನನಗೆ ಹೊಟ್ಟೆಯ ಪ್ರಶ್ನೆಯಾಗಿದೆ.

ಎಚ್.ಆರ್. ಅಂದರೆ ಮಾನವ ಸಂಪನ್ಮೂಲ. ನಮ್ಮಪ್ಪ ಫೋನಿನಲ್ಲಿ ಅದನ್ನು ‘ಎಚ್ಚರ’ ಅಂತ ಕೇಳಿಸಿಕೊಂಡ. ‘ಎಚ್ಚರದವರು ಬುಡ್ತಿಲ್ಲ ಅಂತೀಯಲ್ಲ, ಯಾರ್ಲಾ ಅವರು’ ಅಂದ. ಆ ಮಾತೇ ಚೆನ್ನಾಗಿದೆ. ಸಂಪನ್ಮೂಲ ಅನ್ನುವುದು ಮಾತ್ರ ನನಗೆ ಅರ್ಥವಾಗುವುದಿಲ್ಲ. ಮರಳು ಸಂಪನ್ಮೂಲ. ಗ್ರಾನೈಟು ಸಂಪನ್ಮೂಲ. ಕಾವೇರಿ ನೀರು ಸಂಪನ್ಮೂಲ. ಅವನ್ನೆಲ್ಲ ತೆಗೆಯುವವರುಂಟು, ಸಾಗಿಸುವವರುಂಟು, ಮಾರುವವರುಂಟು. ಅವು ಎದ್ದು ನಿಂತು ‘ನಾನು ಹೋಗ್ತೀನಿ’ ಅಂದದ್ದನ್ನು ಯಾರೂ ಕೇಳಿಲ್ಲ. ಆ ಸಾಲಿನಲ್ಲಿ ಮನುಷ್ಯನನ್ನು ನಿಲ್ಲಿಸಿದ ಮೇಲೆ, ಅವನು ಹೋಗ್ತೀನಿ ಅಂದಾಗ ಆಶ್ಚರ್ಯವಾಗುವುದು ಸಹಜವೇ.

ನನ್ನ ಕೆಲಸ ಫೋನಿನಲ್ಲಿ ಕ್ಷಮೆ ಕೇಳುವುದಾಗಿತ್ತು. ಮನೆಗೆ ಊಟ ತರಿಸಿಕೊಳ್ಳುವವರು ಸಾರು ಚೆಲ್ಲಿದೆ, ಬಿರಿಯಾನಿ ತಣ್ಣಗಿದೆ ಅಂತ ಕರೆ ಮಾಡಿದರೆ ಕನ್ನಡದಲ್ಲಿ ಸಮಾಧಾನ ಹೇಳುವುದು. ಪದ್ಯ ಬರೆಯುವವನಿಗೆ ಕನ್ನಡದಿಂದ ಸಿಕ್ಕ ಮೊದಲ ಸಂಬಳ ಇದೇ, ತಿಂಗಳಿಗೆ 17,500 ರೂಪಾಯಿ. ಸೇರುವ ದಿನ ಹದಿನೆಂಟು ಪುಟದ ಕಾಗದ ಮುಂದಿಟ್ಟರು. ಎರಡು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ ತರಬೇತಿಯ ಖರ್ಚು 50,000 ಕಟ್ಟಬೇಕು. ಬಿಡುವುದಾದರೂ 60 ದಿನ ಮುಂಚೆ ನೋಟೀಸು ಕೊಡಬೇಕು. ತರಬೇತಿ ನಡೆದದ್ದು ಹನ್ನೆರಡು ದಿನ. ‘ನಿಮಗಾದ ತೊಂದರೆಗೆ ವಿಷಾದವಿದೆ’ ಅನ್ನುವುದನ್ನು ಬೇರೆ ಬೇರೆ ದನಿಯಲ್ಲಿ ಹೇಳುವುದನ್ನು ಕಲಿಸಿದರು. ನಮ್ಮ ಕುಲಕ್ಕೆ ಕ್ಷಮೆ ಕೇಳುವುದನ್ನು ಕಲಿಸಲು 50,000 ಖರ್ಚಾಯಿತೆಂದರೆ ತಾತ ನಗುತ್ತಿದ್ದ.

ಆ ದಿನವೇ ‘ವೆರಿಫಿಕೇಶನ್‌ಗೆ’ ಅಂತ ಮೂಲ ಅಂಕಪಟ್ಟಿಗಳನ್ನೂ ತೆಗೆದುಕೊಂಡರು. ಎಸ್ಸೆಸ್ಸೆಲ್ಸಿಯದು, ಪಿಯುಸಿಯದು, ಬಿ.ಎ.ಯ ಆರು ಸೆಮಿಸ್ಟರಿನವು, ಮೇಲೆ ಘಟಿಕೋತ್ಸವದ ಪ್ರಮಾಣಪತ್ರ. ರಸೀದಿ ಕೊಡಲಿಲ್ಲ. ಇದನ್ನು ಓದುವ ಕೆಲವರಿಗೆ ಅಂಕಪಟ್ಟಿ ಅಂದರೆ ಒಂದು ಕಾಗದ. ನಮ್ಮ ಮನೆಯಲ್ಲಿ ಜಮೀನಿನ ಪಹಣಿ ಇಲ್ಲ, ಬ್ಯಾಂಕಿನ ಠೇವಣಿ ಪತ್ರ ಇಲ್ಲ, ಚಿನ್ನ ಕೊಂಡ ಚೀಟಿಯಿಲ್ಲ. ಟ್ರಂಕಿನಲ್ಲಿ ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಅಂಕಪಟ್ಟಿಗಳು. ಮಳೆಗಾಲದಲ್ಲಿ ಹೆಂಚು ಸೋರಿದರೆ ನಮ್ಮವ್ವ ಮೊದಲು ಎತ್ತಿಡುತ್ತಿದ್ದದ್ದು ಆ ಕವರನ್ನು, ಆಮೇಲೆ ರಾಗಿ ಹಿಟ್ಟನ್ನು. ನಮ್ಮ ಮೂರು ತಲೆಮಾರಿನ ಆಸ್ತಿ ಒಂದು ಕಂಪನಿಯ ಕಬ್ಬಿಣದ ಬೀರುವಿನಲ್ಲಿ ಹದಿನಾಲ್ಕು ತಿಂಗಳು ಕೂತಿತ್ತು.

ಬಿ.ಇಡಿ. ಸೀಟು ಸಿಕ್ಕಿತು. ಒಂಬತ್ತು ದಿನದೊಳಗೆ ಮೂಲ ದಾಖಲೆಗಳನ್ನು ತೋರಿಸಿ ಸೇರಬೇಕು. ಮೇಷ್ಟ್ರಾಗಬೇಕು ಅನ್ನುವುದು ನನ್ನ ಆಸೆ ಮಾತ್ರ ಅಲ್ಲ, ನಮ್ಮ ಕೇರಿಯದು. ರಾಜೀನಾಮೆ ಬರೆದೆ. ಒಪ್ಪಿಕೊಂಡಿಲ್ಲ ಅನ್ನುವ ಉತ್ತರ ಬಂದದ್ದು ಆಗ. ಹೋಗಿ ಕೇಳಿದರೆ ಎಚ್.ಆರ್. ಮೇಡಂ, ‘60 ದಿನ ಕೆಲಸ ಮಾಡಿ, 50,000 ಕಟ್ಟಿ, ಆಮೇಲೆ ದಾಖಲೆ ತಗೊಂಡು ಹೋಗಿ. ನಾವೆಲ್ಲ ಒಂದೇ ಕುಟುಂಬ, ಹೀಗೆ ಮಧ್ಯದಲ್ಲಿ ಬಿಟ್ಟು ಹೋದ್ರೆ ಹೇಗೆ’ ಅಂದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನಷ್ಟೇ ವಯಸ್ಸು. ಆಕೆಯ ಕಾಗದದಲ್ಲಿ 90 ದಿನದ ನೋಟೀಸು ಇತ್ತಂತೆ. ಕುಟುಂಬ ಅನ್ನುವ ಮಾತು ಮಾತ್ರ ನೆನಪಿನಲ್ಲಿ ಉಳಿಯಿತು. ಗೌಡರೂ ಹಾಗೇ ಅನ್ನುತ್ತಿದ್ದರು, ‘ನೀನು ನಮ್ಮನೆ ಹೈದ ಕಣ್ಲಾ’ ಅಂತ. ಮನೆ ಹೈದ ಉಣ್ಣುತ್ತಿದ್ದದ್ದು ಕೊಟ್ಟಿಗೆಯಲ್ಲಿ.

ಪಕ್ಕದ ಕುರ್ಚಿಯ ಗೆಳೆಯ ಸಮಾಧಾನ ಹೇಳಿದ. ಒಳ್ಳೆಯ ಹುಡುಗ, ಅವರಪ್ಪ ಬ್ಯಾಂಕಿನಲ್ಲಿದ್ದವರು. ‘ನಾವೆಲ್ಲ ಬಾಂಡೆಡ್ ಲೇಬರ್ ಮಚ್ಚಾ, ಏನ್ ಮಾಡೋದು’ ಅಂದ. ಐಟಿ ಬೀದಿಗಳಲ್ಲಿ ಈ ಮಾತು ಈಗ ತಮಾಷೆಯ ಮಾತಾಗಿ ಓಡಾಡುತ್ತಿದೆ. ಅದನ್ನು ನಾನು ಊರಿಗೆ ಹೋದಾಗ ಅಪ್ಪನ ಹತ್ತಿರ ಆಡಿದೆ. ಇದೂ ಜೀತನೇ ಕಣಪ್ಪ ಅಂದೆ. ಅಪ್ಪ ಎಲೆಅಡಿಕೆ ಉಗಿದು ಬಂದು ಕೂತ.

‘ಜೀತ ಅನ್ಬೇಡ ಮಗ. ನಿನ್ ತಾತನ ಬೆನ್ ನೋಡಿದ್ದ ನೀನು? ಬಾರುಕೋಲಿನ ಗುರ್ತು ಇತ್ತು. ನಿನ್ನ ಯಾರಾರಾ ಮುಟ್ಟಿದ್ರಾ? ಸಂಬಳ ಬ್ಯಾಂಕಿಗೆ ಬರ್ತಿತ್ತು, ಶನಿವಾರ ಸಿನಿಮಾಕ್ ಹೋಯ್ತಿದ್ದೆ. ಜೀತ ಅನ್ನೋದ ಸಸ್ತಾ ಮಾಡ್ಬುಟ್ರೆ ಜೀತ ಮಾಡ್ದೋರ್ಗೆ ಏನ್ ಉಳಿತದೆ?’

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಮತ್ತೆ, ‘ಆದ್ರೆ ಕಾಗ್ದ ಇಟ್ಕೊಂಡವ್ರೆ ಅಂತೀಯಲ್ಲ, ಅದು ಮಾತ್ರ ಅವರ ಬುದ್ಧೀನೇ ಕನ’ ಅಂದ.

ಈ ಎರಡು ಮಾತುಗಳ ನಡುವೆ ಎಲ್ಲೋ ಸತ್ಯವಿದೆ ಅಂತ ನನಗೆ ಅನ್ನಿಸುತ್ತದೆ. ಗಾಜಿನ ಕಟ್ಟಡದ ನೋಟೀಸು ಜೀತವಲ್ಲ. ಆದರೆ ಜೀತದ ಮನೆಯಿಂದ ಬಂದವನ ಮೂಗಿಗೆ ಅದರ ವಾಸನೆ ಬೇಗ ತಿಳಿಯುತ್ತದೆ. ಬ್ಯಾಂಕಿನವರ ಮಗನಿಗೆ ಅದು ತಮಾಷೆ, ಯಾಕೆಂದರೆ ಅವನಪ್ಪ ಒಂದು ಫೋನು ಮಾಡಿದರೆ ವಕೀಲರು ಸಿಗುತ್ತಾರೆ, 50,000 ಕೂಡ ಸಿಗುತ್ತದೆ.

ನನಗೂ ಒಬ್ಬರು ಸಿಕ್ಕರು. ಸಂಘಟನೆಯ ಕಾಲದಿಂದ ನಮ್ಮ ಕೇರಿಗೆ ಬಂದುಹೋಗುತ್ತಿದ್ದ ಒಬ್ಬ ಅಕ್ಕ, ತಾಲ್ಲೂಕು ಕೋರ್ಟಿನಲ್ಲಿ ವಕೀಲರು. ನನ್ನ ಹದಿನೆಂಟು ಪುಟ ಓದಿ ಕನ್ನಡಕ ತೆಗೆದಿಟ್ಟರು. ಅವರು ಹೇಳಿದ್ದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮ ಹಾಸ್ಟೆಲಿನ ಹುಡುಗರು ಈಗ ಅದನ್ನೇ ಫೋಟೋ ಹೊಡೆದುಕೊಂಡು ಹಂಚುತ್ತಿದ್ದಾರೆ.

‘ನೋಡು ತಮ್ಮ, ಅವರು ನಿನ್ನ ದುಡ್ಡಿನ ಲೆಕ್ಕ ಹಾಕಬಹುದು. ನಿನ್ನನ್ನ ಹಿಡಿದು ಕೂರಿಸೋ ಹಾಗಿಲ್ಲ’ ಎಂದು ಶುರುಮಾಡಿದರು. ಒಬ್ಬ ಮನುಷ್ಯನ ಸ್ವಂತ ದುಡಿಮೆಯ ಕರಾರನ್ನು ಕೋರ್ಟು ಬಲವಂತದಿಂದ ನಡೆಸಿಕೊಡುವುದಿಲ್ಲ. 1963ರ ಸ್ಪೆಸಿಫಿಕ್ ರಿಲೀಫ್ ಕಾಯಿದೆಯ 14ನೇ ಕಲಮಿನ ತಿರುಳು ಇದು. ಕೆಲಸ ಬಿಟ್ಟವನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ ಎಂದು ಯಾವ ನ್ಯಾಯಾಧೀಶರೂ ಆದೇಶ ಬರೆಯಲಾರರು. ರಾಜೀನಾಮೆ ಕೊಡುವುದು ನೌಕರನ ಹಕ್ಕು, ಇಷ್ಟವಿಲ್ಲದವನನ್ನು ದುಡಿಸುವ ಹಾಗಿಲ್ಲ ಎಂದು ಏರ್ ಇಂಡಿಯಾದ ಒಬ್ಬ ನೌಕರನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ನಿಯಮದಲ್ಲೋ ನೇಮಕದ ಷರತ್ತಿನಲ್ಲೋ ಬೇರೆ ಕಟ್ಟಳೆ ಇದ್ದರೆ, ಇಲ್ಲವೇ ಅವನ ಮೇಲೆ ಶಿಸ್ತಿನ ವಿಚಾರಣೆ ಬಾಕಿ ಇದ್ದರೆ ಮಾತು ಬೇರೆ ಎಂದೂ ಹೇಳಿದೆ. ನಿನ್ನ ಕಾಗದದಲ್ಲಿರೋ ಕಟ್ಟಳೆ ದಿನದ್ದು, ದುಡ್ಡಿನದ್ದು, ಅಷ್ಟೆ ಅಂದರು ಅಕ್ಕ. ಎಚ್.ಆರ್. ಒಪ್ಪಿದರಷ್ಟೇ ರಾಜೀನಾಮೆ ಎಂದು ಆ ಹದಿನೆಂಟು ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ. ಆ ಒಂದು ಸಾಲು ಅವರು ಮೇಲ್‌ನಲ್ಲಿ ತಾವೇ ಹುಟ್ಟಿಸಿದ್ದು.

ದುಡ್ಡಿನ ಬಗ್ಗೆ ಅಕ್ಕ ಸುಳ್ಳು ಧೈರ್ಯ ಕೊಡಲಿಲ್ಲ. ನೋಟೀಸಿನ ದಿನ ಕಡಿಮೆ ಬಿದ್ದರೆ ಆ ದಿನಗಳ ಸಂಬಳವನ್ನು ಅವರು ಕೇಳಬಹುದು. ಬಾಂಡಿನ 50,000? 1872ರ ಕರಾರು ಕಾಯಿದೆಯ 74ನೇ ಕಲಮು, ಕಾಗದದಲ್ಲಿ ಎಷ್ಟೇ ಬರೆದಿರಲಿ, ಕೋರ್ಟು ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ ಅನ್ನುತ್ತದೆ. ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ. ಹನ್ನೆರಡು ದಿನದ ಕ್ಷಮಾಪಾಠಕ್ಕೆ 50,000 ಖರ್ಚಾಯಿತೆ ಎಂದು ಅವರು ಲೆಕ್ಕ ಕೊಡಬೇಕಾದೀತು. ಆದರೆ ಬಾಂಡು ಅಂದರೆ ಎಲ್ಲವೂ ಕಸ ಅಂತ ತಿಳೀಬೇಡ ಎಂದೂ ಎಚ್ಚರಿಸಿದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ ಮೂರು ವರ್ಷ ತುಂಬುವ ಮೊದಲೇ ಬಿಟ್ಟು ಎರಡು ಲಕ್ಷ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟು ಅವರ ಕಡೆ ನಿಂತಿತ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಕಡೆ ತೀರ್ಪು ಕೊಟ್ಟಿತು. ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಆರಿಸಬೇಕು, ಮತ್ತೆ ಮತ್ತೆ ಆ ಖರ್ಚು ಬೀಳುತ್ತದೆ ಎನ್ನುವುದು ಒಂದು ಕಾರಣ. ಆದರೂ ಒಂದನ್ನು ಗಮನಿಸಿ: ಆ ಅಧಿಕಾರಿ ಹಣ ಕಟ್ಟಿದರು, ಹೊರಗೆ ಹೋದರು. ಹೋಗಬೇಡ ಎಂದು ಯಾವ ಕೋರ್ಟೂ ಅನ್ನಲಿಲ್ಲ.

ಇನ್ನು ಅಂಕಪಟ್ಟಿ. ಅಲ್ಲಿ ಅಕ್ಕನ ದನಿ ಬದಲಾಯಿತು. ‘ನಾವು ವಕೀಲರೇ ಫೀಜು ಬಾಕಿ ಅಂತ ಕಕ್ಷಿದಾರನ ಕಾಗದ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ, 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಇವರು ಯಾರು? ಮಾರ್ಕ್ಸ್‌ಕಾರ್ಡು ಏನು ಗಿರವಿ ಇಟ್ಟ ಒಡವೆಯೇ?’ ಯಾವ ಕಾಯಿದೆಯೂ ಕಂಪನಿಗೆ ಆ ಅಧಿಕಾರ ಕೊಟ್ಟಿಲ್ಲ. ಪಿ.ಎಫ್. ದುಡ್ಡೂ ಅಷ್ಟೆ, ಅದು ಕಂಪನಿಯ ಮುಷ್ಟಿಯಲ್ಲಿ ಇರುವುದೇ ಇಲ್ಲ, ಅವರ ಬಾಕಿಗೆ ಅದನ್ನು ಜಪ್ತಿ ಮಾಡಲೂ ಬರುವುದಿಲ್ಲ. ದುಡಿದ ದಿನಗಳ ಕೂಲಿಯ ಬಗ್ಗೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ 17ನೇ ಕಲಮು, ರಾಜೀನಾಮೆ ಕೊಟ್ಟವನಿಗೂ ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಕೊಡಬೇಕು ಎನ್ನುತ್ತದೆ. ಆ ಸಂಹಿತೆಯ ಬಗ್ಗೆ ಕಾರ್ಮಿಕ ಸಂಘಗಳಿಗೆ ನೂರು ತಕರಾರುಗಳಿವೆ, ನನಗೂ ಇವೆ. ಆದರೆ ಈ ಒಂದು ಸಾಲನ್ನು ನಮ್ಮ ಹುಡುಗರು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ನೋಟೀಸು ಎನ್ನುವುದು ಮೊದಲಿಗೆ ಯಾರ ರಕ್ಷಣೆಗೆ ಬಂತು? ದುಡಿಯುವವನ ರಕ್ಷಣೆಗೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೇ ಕಲಮು ನೋಡಿ. ಆರು ತಿಂಗಳು ದುಡಿದವನನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸೋ ಅದರ ಸಂಬಳವೋ ಕೊಡದೆ ತೆಗೆಯುವ ಹಾಗಿಲ್ಲ ಎಂದು ಮಾಲೀಕನಿಗೆ ಹಾಕಿದ ಕಡಿವಾಣ ಅದು. ಒಲೆ ಆರದಿರಲಿ ಎಂದು ಕೊಟ್ಟ ತಿಂಗಳು. ಆ ಕಡಿವಾಣವನ್ನು ಬಿಚ್ಚಿ, ತಿರುಗಿಸಿ, ಎರಡು ಪಟ್ಟು ಮೂರು ಪಟ್ಟು ಉದ್ದ ಮಾಡಿ ನಮ್ಮ ಬಾಯಿಗೇ ಹಾಕಿದ್ದಾರೆ. ಅವರಿಗೆ ನಾವು ಬೇಡವಾದಾಗ ಏನಾಗುತ್ತದೆ ಎನ್ನುವುದನ್ನು ನಾನು ಆ ಹದಿನಾಲ್ಕು ತಿಂಗಳಲ್ಲಿ ಮೂರು ಸಲ ನೋಡಿದೆ. ಮಧ್ಯಾಹ್ನ ಕರೆಯುತ್ತಾರೆ. ‘ನೀವೇ ರಾಜೀನಾಮೆ ಬರೆದುಕೊಟ್ಟುಬಿಡಿ, ಇಲ್ಲಾಂದ್ರೆ ನಾವು ತೆಗೆದಿದ್ದೀವಿ ಅಂತ ಬರೀಬೇಕಾಗುತ್ತೆ, ಮುಂದೆ ಎಲ್ಲೂ ಕೆಲಸ ಸಿಗಲ್ಲ.’ ಸಂಜೆ ನಾಲ್ಕಕ್ಕೆ ಗುರುತಿನ ಚೀಟಿ ಕಸಿದುಕೊಂಡು ಗೇಟಿನ ಹೊರಗೆ ಬಿಡುತ್ತಾರೆ. ಆಗ 60 ದಿನ ಎಲ್ಲಿ ಹೋಯಿತೋ! ನಮ್ಮವ್ವ ಪಂಚಾಯ್ತಿಯಲ್ಲಿ ಗುತ್ತಿಗೆಯ ಮೇಲೆ ಚರಂಡಿ ಬಳಿಯುವವಳು. ಅವಳಿಗೆ ಆ ನಾಲ್ಕು ಗಂಟೆಯೂ ಇಲ್ಲ. ‘ನಾಳಿಂದ ಬರಬೇಡ’ ಎನ್ನುವುದೇ ಅವಳ ನೋಟೀಸು.

ಕೇಳಿ ಪಡೆದ ರಾಜೀನಾಮೆ ನಮಗೆ ಹೊಸದಲ್ಲ. ಈ ಪುಟಗಳನ್ನು ಓದುವ ಹಿರಿಯರಿಗೆ 1973ರ ಬೂಸಾ ಗಲಾಟೆ ನೆನಪಿರುತ್ತದೆ. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಒಂದು ಮಾತಿಗೆ ಬಿ. ಬಸವಲಿಂಗಪ್ಪನವರು ಅರಸು ಮಂತ್ರಿಮಂಡಲದಿಂದ ಹೊರಗೆ ಬರಬೇಕಾಯಿತು, ನಮ್ಮ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು. ಪತ್ರದ ಕೆಳಗೆ ಸಹಿ ಅವರದೇ. ರಾಜಿ ಯಾರದಾಗಿತ್ತು?

ಬಾಬಾಸಾಹೇಬರೂ ಬಾಂಡಿಗೆ ಸಹಿ ಹಾಕಿದವರು ಎನ್ನುವುದನ್ನು ನಮ್ಮ ಹುಡುಗರಿಗೆ ಹೇಳಬೇಕು. 1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗುವಾಗ, ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುತ್ತೇನೆಂದು ಕರಾರು ಬರೆದುಕೊಟ್ಟರು. ಮಾತಿನಂತೆ 1917ರಲ್ಲಿ ಬರೋಡಕ್ಕೆ ಬಂದರು. ಕಚೇರಿ ಇತ್ತು, ಕೆಲಸ ಇತ್ತು, ಕೊಲಂಬಿಯಾದಲ್ಲಿ ಕಲಿತು ಬಂದವನಿಗೆ ಇಡೀ ಊರಲ್ಲಿ ಮಲಗಲು ಜಾಗವಿರಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ತಂಗುಮನೆಯಲ್ಲಿ ಇದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತು ಹನ್ನೆರಡು ಮಂದಿ ಪಾರ್ಸಿಗಳು ಬಂದು ನಿಂತರು. ಸಂಜೆಯೊಳಗೆ ಖಾಲಿ ಮಾಡಬೇಕು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲಾರದೆ ನುಣುಚಿಕೊಂಡರು. ಕಮಾಟಿ ಬಾಗಿನ ಮರದ ಕೆಳಗೆ ಕೂತು, ರಾತ್ರಿ ಒಂಬತ್ತರ ರೈಲಿಗೆ ಮುಂಬಯಿಗೆ ಹೊರಟರು.

ಹತ್ತು ವರ್ಷದ ಕರಾರು, ಹನ್ನೊಂದು ದಿನದ ಸೂರು. ಆ ಕರಾರಿನಲ್ಲಿ ಅವರ ಕರ್ತವ್ಯ ಬರೆದಿತ್ತು. ಅವರಿಗೆ ಒಂದು ಮನೆ ಸಿಗುವ ಹಾಗೆ ನೋಡಿಕೊಳ್ಳುವ ಕರ್ತವ್ಯ ಯಾರದೆಂದು ಬರೆದಿರಲಿಲ್ಲ. ನನ್ನ ಹದಿನೆಂಟು ಪುಟದಲ್ಲೂ ಅಷ್ಟೆ. ಕೆಲಸಕ್ಕೆ ಸೇರಿದ ಮೇಲೆ ಬೆಂಗಳೂರಿನಲ್ಲಿ ರೂಮು ಹುಡುಕುವಾಗ ‘ವೆಜ್ಜಾ ನಾನ್‌ವೆಜ್ಜಾ’ ಎಂದು ಶುರುವಾಗಿ ‘ಯಾವ ಜನ ನೀವು’ ಎಂದು ಮುಗಿಯುವ ಮಾತು ಕೇಳುತ್ತ ನಾನು ಏಳು ಮನೆ ಬಾಗಿಲು ಕಂಡೆ. ಅದು ಯಾವ ಎಚ್.ಆರ್. ಕಡತಕ್ಕೂ ಸೇರುವ ಸಂಗತಿಯಲ್ಲ.

ಅದೇ ಬಾಬಾಸಾಹೇಬರು 1951ರ ಸೆಪ್ಟೆಂಬರ್ 27ರಂದು ನೆಹರೂ ಮಂತ್ರಿಮಂಡಲಕ್ಕೆ ರಾಜೀನಾಮೆ ಬರೆದರು. ಹಿಂದೂ ಕೋಡ್ ಬಿಲ್ಲನ್ನು ಕೈಬಿಟ್ಟದ್ದು ಮುಖ್ಯ ಕಾರಣಗಳಲ್ಲಿ ಒಂದು. ಹಾಗಂತ ಅಂದೇ ಎದ್ದು ಹೋಗಲಿಲ್ಲ. ತಮ್ಮ ಕೈಲಿದ್ದ ಮಸೂದೆಗಳ ಕೆಲಸ ಮುಗಿಯುವವರೆಗೆ ಇರುತ್ತೇನೆಂದರು. ಇದಲ್ಲವೇ ನಿಜವಾದ ನೋಟೀಸು? ಬಿತ್ತಿದವನು ಕಳೆ ತೆಗೆದು ಹೋಗುತ್ತೇನೆ ಅನ್ನುವುದು. ಅಕ್ಟೋಬರ್ 11ರಂದು ಸಂಸತ್ತಿನಲ್ಲಿ ರಾಜೀನಾಮೆಯ ಹೇಳಿಕೆ ಓದಲು ಎದ್ದಾಗ, ಸಂಜೆ ಓದಿ, ಅದಕ್ಕೆ ಮೊದಲು ಪ್ರತಿ ಕೊಡಿ ಎಂದರು ಉಪಸಭಾಪತಿ. ತಾನು ಯಾಕೆ ಬಿಡುತ್ತಿದ್ದೇನೆ ಎನ್ನುವುದನ್ನು ಮೊದಲು ತೋರಿಸಿ ಒಪ್ಪಿಗೆ ಪಡೆಯಬೇಕು! ಬಾಬಾಸಾಹೇಬರು ಕಾಗದ ಮಡಿಸಿಕೊಂಡು ಹೊರನಡೆದರು, ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು.

ನನಗೆ ಹೆಚ್ಚು ಹತ್ತಿರವಾದದ್ದು ಇನ್ನೊಂದು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ವಿಷಯವಾಗಿ ಸುಪ್ರೀಂ ಕೋರ್ಟು ಸಂವಿಧಾನದ 23ನೇ ವಿಧಿಗೆ ಅರ್ಥ ಹೇಳಿತು. ಕರಾರಿಗೆ ಸಹಿ ಹಾಕಿದ್ದರೂ, ದುಡ್ಡು ಪಡೆದಿದ್ದರೂ, ಇಷ್ಟವಿಲ್ಲದ ಮೇಲೆ ಒಬ್ಬನಿಂದ ಬಲವಂತವಾಗಿ ದುಡಿಸಿದರೆ ಅದು ಬಲಾತ್ಕಾರದ ದುಡಿಮೆಯೇ ಎಂದಿತು. ಹಸಿವು, ಬಡತನವೂ ಬಲವಂತವೇ ಎಂದಿತು. ಈ ಮಾತನ್ನು ಕಲ್ಲು ಹೊತ್ತವರು ನಮಗೆ ಗಳಿಸಿಕೊಟ್ಟದ್ದು. ಏ.ಸಿ. ಕೋಣೆಯಲ್ಲಿ ಕೂತ ನಾವು ಅದರ ನೆರಳಿನಲ್ಲಿ ಮಾತಾಡುತ್ತಿದ್ದೇವೆ ಎನ್ನುವುದು ನೆನಪಿರಲಿ. ನಮ್ಮಪ್ಪ ಹೇಳಿದ್ದೂ ಇದನ್ನೇ ಇರಬೇಕು.

ಹಾಗಾದರೆ ಎಚ್.ಆರ್.ನ ನಿಜವಾದ ಬಲ ಎಲ್ಲಿದೆ? ಕಾಯಿದೆಯಲ್ಲಿ ಅಲ್ಲ. ‘ರಿಲೀವಿಂಗ್ ಲೆಟರ್’ ಎನ್ನುವ ಒಂದು ಹಾಳೆಯಲ್ಲಿದೆ. ಅದಿಲ್ಲದೆ ಮುಂದಿನ ಕಂಪನಿ ಸೇರಿಸಿಕೊಳ್ಳುವುದಿಲ್ಲ. ಅವರು ಇವರಿಗೆ ಫೋನು ಮಾಡಿ ‘ಹುಡುಗ ಹೇಗೆ’ ಎಂದು ಕೇಳುತ್ತಾರೆ, ಅದಕ್ಕೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಎಂದು ಹೆಸರು. ತಾತನ ಕಾಲದಲ್ಲಿ ಒಬ್ಬ ಗೌಡರನ್ನು ಬಿಟ್ಟು ಓಡಿಹೋದವನನ್ನು ಪಕ್ಕದೂರಿನ ಗೌಡರು ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಸಂತೆಯಲ್ಲಿ ಸಿಕ್ಕಾಗ ಮಾತಾಡಿಕೊಂಡಿರುತ್ತಿದ್ದರು. ಅದಕ್ಕೇ ಜನ ಕೊಡಗಿಗೆ ಓಡುತ್ತಿದ್ದದ್ದು, ಅಲ್ಲಿ ಯಾರಿಗೂ ಇವರ ಗೌಡರ ಪರಿಚಯವಿರಲಿಲ್ಲ. ಈಗ ಓಡಿಹೋಗಲು ಕೊಡಗೂ ಇಲ್ಲ, ಎಲ್ಲ ಊರಿನ ಗೌಡರೂ ಒಂದೇ ಕಂಪ್ಯೂಟರಿನಲ್ಲಿ ಇದ್ದಾರೆ.

ನನ್ನ ಪ್ರಕರಣ ಇಲ್ಲಿಗೆ ಬಂದಿದೆ. ಅಕ್ಕ ಬರೆದುಕೊಟ್ಟ ಪತ್ರವನ್ನು ಎಚ್.ಆರ್.ಗೆ ಕಳಿಸಿದೆ. ಪೊಲೀಸು ಠಾಣೆಗೂ ಕಾರ್ಮಿಕ ಅಧಿಕಾರಿಗೂ ಪ್ರತಿ ಹೋಗುತ್ತದೆ ಎಂದು ಕೊನೆಯಲ್ಲಿ ಒಂದು ಸಾಲಿತ್ತು. ಅಲ್ಲಿಯವರೆಗೆ ‘ಹೆಡ್ ಆಫೀಸಿನಲ್ಲಿ ಲಾಕ್ ಆಗಿದೆ’ ಎನ್ನುತ್ತಿದ್ದ ಅಂಕಪಟ್ಟಿಗಳು ಮಾರನೆಯ ದಿನವೇ ಮೂರನೆಯ ಮಹಡಿಯ ಬೀರುವಿನಿಂದ ಬಂದವು. ಎಂಟನೆಯ ದಿನ ದಾಖಲೆ ಪರಿಶೀಲನೆ ಮುಗಿಸಿದೆ. ಆ ತಿಂಗಳ ಹನ್ನೊಂದು ದಿನದ ಸಂಬಳ ಬಂದಿಲ್ಲ, ರಿಲೀವಿಂಗ್ ಲೆಟರ್ ಬಂದಿಲ್ಲ. ಬದಲಿಗೆ ಬಾಂಡು ಮತ್ತು ನೋಟೀಸಿನ ಬಾಬ್ತು 85,000 ಕಟ್ಟಬೇಕೆಂದು ವಕೀಲರ ಪತ್ರ ಬಂದಿದೆ. ಅಕ್ಕ ಅದಕ್ಕೆ ಉತ್ತರ ಬರೆದಿದ್ದಾರೆ: ಹನ್ನೆರಡು ದಿನದ ತರಬೇತಿಗೆ ಖರ್ಚಾದ ಬಿಲ್ಲುಗಳನ್ನು ಕಳಿಸಿ. ಎರಡು ತಿಂಗಳಾಯಿತು, ಬಿಲ್ಲು ಬಂದಿಲ್ಲ.

ಬಿ.ಇಡಿ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಹಾಸ್ಟೆಲಿನ ಜಗಲಿಯಲ್ಲಿ ಹುಡುಗರು ಹಿಡಿದು ನಿಲ್ಲಿಸುತ್ತಾರೆ. ‘ಅಣ್ಣಾ, ಆ ಲೆಟರ್ ಹೆಂಗ್ ಬರೀಬೇಕು?’ ಇಂಗ್ಲಿಷಿನಲ್ಲೇ ಇರಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. ನಾಲ್ಕು ಸಾಲು ಸಾಕು, ಅದನ್ನು ಇಲ್ಲೇ ಕೊಡುತ್ತಿದ್ದೇನೆ:

‘ಇಂಥ ದಿನಾಂಕದಿಂದ ನಾನು ಕೆಲಸಕ್ಕೆ ರಾಜೀನಾಮೆ ನೀಡಿದ್ದೇನೆ. ನನ್ನ ಕೊನೆಯ ಕೆಲಸದ ದಿನ ಇಂಥದ್ದು. ನೀವು ಸೇರುವಾಗ ಪಡೆದ ನನ್ನ ಈ ಕೆಳಗಿನ ಮೂಲ ದಾಖಲೆಗಳನ್ನು ಅಂದೇ ಹಿಂತಿರುಗಿಸಿ. ದುಡಿದ ದಿನಗಳ ವೇತನವನ್ನು ಕೊಟ್ಟು, ಕಡಿತವೇನಾದರೂ ಇದ್ದರೆ ಯಾವ ಕಲಮಿನಡಿ ಎಂಬುದನ್ನು ಬರಹದಲ್ಲಿ ತಿಳಿಸಿ.’

ದಯವಿಟ್ಟು ಎಂದು ಸೇರಿಸುವುದು ನಿಮ್ಮ ಇಷ್ಟ. ಕಾರಣ ಬರೆಯಬೇಕಾಗಿಲ್ಲ. ಕಚೇರಿಯ ಮೇಲ್‌ನಿಂದ ಕಳಿಸಬೇಡಿ, ಅದನ್ನು ಸಂಜೆಯೊಳಗೆ ಮುಚ್ಚಿಬಿಡುತ್ತಾರೆ. ಸ್ವಂತ ಮೇಲ್‌ನಿಂದ ಕಳಿಸಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ರಸೀದಿಯನ್ನು ಅವ್ವನ ಕೈಗೆ ಕೊಡಿ. ಎಲ್ಲಿಡಬೇಕೆಂದು ಅವಳಿಗೆ ಗೊತ್ತು.